ಕಿಡ್ನಿಗೂ ಬಾಣಂತನ

“ಡಯಾಲಿಸಿಸ್‌ಗೆ ಹೋಗೋಳಿಗೆ ಡಿಗ್ರಿ ಯಾಕೆ? ಆಗೋ ಮಾತಾ ಅದು?” ಎಂದವರು ನನ್ನ ಸೋದರಮಾವ. ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಕೆಲಸ ಮಾಡುವ ಅವರು ಕೆಟ್ಟವರಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ, ಅಷ್ಟೆ. ಆಗ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ನನ್ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅದೇ ವರ್ಷದ ಬೇಸಿಗೆಯಲ್ಲಿ ಅಮ್ಮ ತನ್ನದೊಂದು ಕಿಡ್ನಿಯನ್ನು ನನಗೆ ಕೊಟ್ಟಳು.

ಆಪರೇಷನ್ ಮುಗಿಸಿ ಇಬ್ಬರೂ ಚಾಮರಾಜಪೇಟೆಯ ಬಾಡಿಗೆ ಮನೆಗೆ ಬಂದಾಗ ನಮ್ಮ ಆರೈಕೆಗೆ ನಿಂತವಳು ಅಮ್ಮನ ತಾಯಿ, ನನ್ನ ಅಜ್ಜಿ. ಬೀದಿಯಲ್ಲಿ ಅರ್ಧ ಜನಕ್ಕೆ ಬಾಣಂತನ ಮಾಡಿದವಳು. ಡಾಕ್ಟರ್ ಹೇಳಿದಂತೆ ನೀರು ಕುದಿಸಿ ಆರಿಸಿದಳು, ನನ್ನ ತಟ್ಟೆ ಲೋಟ ಬೇರೆ ಇಟ್ಟಳು. ಡಾಕ್ಟರ್ ಹೇಳದ ಇನ್ನೊಂದು ಕೆಲಸವನ್ನೂ ಮಾಡಿದಳು. ಹಳೇ ನೂಲಿನ ಸೀರೆ ಹರಿದು ನಮ್ಮಿಬ್ಬರ ಹೊಟ್ಟೆಗೂ ಬಿಗಿಯಾಗಿ ಸುತ್ತಿದಳು.

“ಮನೇಲಿ ಇಬ್ರು ಬಾಣಂತಿಯರು, ಮಗು ಮಾತ್ರ ಎಲ್ಲೂ ಕಾಣ್ತಿಲ್ಲ” ಎಂದು ಅಮ್ಮ ನಗುತ್ತಿದ್ದಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಗುತ್ತಿದ್ದಳು.

ಒಂದೂವರೆ ತಿಂಗಳಾಗಿರಬೇಕು. ಹೊಸ ಕಿಡ್ನಿ ಕೂರಿಸಿದ್ದ ಬಲಗಡೆ ಕೆಳಹೊಟ್ಟೆ ಉಬ್ಬತೊಡಗಿತು.

“ಹೊಟ್ಟೆ ಬಿಟ್ಕೊಂತಿದೆ ಕಣೇ, ಕಟ್ಟು ಸಾಲ್ದು” ಎಂದು ಅಜ್ಜಿ ಇನ್ನೊಂದು ಸುತ್ತು ಹಾಕಿದಳು. ನಮಗೂ ಸರಿಯೆನಿಸಿತು. ಆಮೇಲೆ ಮೂತ್ರ ಕಡಿಮೆಯಾಯಿತು, ಬಲಗಾಲು ಊದಿತು. ಆ ವಾರದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆಸ್ಪತ್ರೆಯವರು ಫೋನ್ ಮಾಡಿ, “ಈಗ್ಲೇ ಬನ್ನಿ, ಸ್ಕ್ಯಾನ್ ಮಾಡ್ಬೇಕು” ಎಂದರು.

ಮೂವರೂ ಆಟೋ ಹತ್ತಿದೆವು. ಈ ಕಿಡ್ನಿ ಹೋದರೆ ಕೊಡಲು ಅಮ್ಮನ ಹತ್ತಿರ ಇನ್ನೊಂದಿರಲಿಲ್ಲ.

ಸ್ಕ್ಯಾನ್ ಕೋಣೆಯಲ್ಲಿದ್ದ ಡಾಕ್ಟರ್ ಹೆಂಗಸು. ನಾನು ಕುರ್ತಾ ಮೇಲೆತ್ತಿದಾಗ ಗಾಬರಿಯಾದರು. “ಇದೇನಮ್ಮ, ಸೀರೆ ಸುತ್ಕೊಂಡಿದೀರ?”

“ಹೊಸದಾಗಿ ಬಂದಿರೋದಲ್ವೇನವ್ವ, ಜಾರದೆ ಇರ್ಲಿ ಅಂತ” ಎಂದಳು ಅಜ್ಜಿ.

“ಅಜ್ಜಿ, ಅದನ್ನ ಒಳಗೇ ಭದ್ರವಾಗಿ ಕೂರಿಸಿದಾರೆ, ಎಲ್ಲೂ ಓಡೋಗಲ್ಲ. ಮೊದ್ಲು ಬಿಚ್ಚಿ” ಎಂದರು. ಅಜ್ಜಿಯೇ ಸುತ್ತು ಬಿಚ್ಚಿದಳು.

ತಣ್ಣನೆಯ ಜೆಲ್ ಹಚ್ಚಿ ಡಾಕ್ಟರ್ ಯಂತ್ರ ಆಡಿಸಿದರು. ಪರದೆಯಲ್ಲಿ ಕಿಡ್ನಿಯ ಪಕ್ಕದಲ್ಲೇ ಕಪ್ಪಗೆ ಏನೋ ದೊಡ್ಡದು ಕಂಡಿತು. ಅಮ್ಮನಿಗೆ ತಡೆಯಲಾಗಲಿಲ್ಲ.

“ಹೋಯ್ತಾ ಮೇಡಂ?”

ಅವರು ಏನೋ ಒತ್ತಿದರು. ಕೋಣೆಯಲ್ಲಿ ಹುಶ್, ಹುಶ್ ಎಂದು ಒಂದೇ ಸಮನೆ ಸದ್ದು ಬಂತು. “ಕೇಳಿಸ್ಕೊಳಿ, ಇದು ಕಿಡ್ನಿಗೆ ರಕ್ತ ಹೋಗ್ತಿರೋ ಸದ್ದು. ಕಿಡ್ನಿ ಚೆನ್ನಾಗಿದೆ. ಕಪ್ಪಗೆ ಕಾಣ್ತಿದೆಯಲ್ಲ, ಅದು ನೀರು. ಪಕ್ಕದಲ್ಲಿ ತುಂಬ್ಕೊಂಡು ಮೂತ್ರದ ನಾಳ ಒತ್ತಿದೆ. ಕಸಿ ಆದ್ಮೇಲೆ ಕೆಲವರಿಗೆ ಹೀಗಾಗತ್ತೆ, ತೆಗೀಬಹುದು.”

“ನಾನು ಕಟ್ಟಿದ್ದಕ್ಕೆ ನೀರು ತುಂಬ್ತಾ?” ಅಜ್ಜಿ ಕೇಳಿದಳು.

“ಇಲ್ಲ ಅಜ್ಜಿ, ಕಟ್ಟಿದ್ದರಿಂದ ಬಂದಿದ್ದಲ್ಲ. ಆದ್ರೆ ಊತ ಬಂದಾಗ ಬಿಗಿಯೋದಲ್ಲ, ನಮ್ಮ ಹತ್ರ ಬರೋದು.”

ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿ, ಸಣ್ಣ ನಳಿಕೆ ಇಟ್ಟು ನೀರು ಹರಿಸಿದರು. ಮಾರನೇ ದಿನವೇ ಮೂತ್ರ ಚೆನ್ನಾಗಿ ಹೋಯಿತು, ಕ್ರಿಯಾಟಿನಿನ್ ಮೆಲ್ಲಗೆ ಇಳಿಯಿತು. ಮತ್ತೆ ಸ್ಕ್ಯಾನ್ ಮಾಡಿದಾಗ ಆ ಕಪ್ಪು ಇರಲಿಲ್ಲ. ಮನೆಗೆ ಬಂದ ಅಜ್ಜಿ ಬೀದಿಯವರಿಗೆಲ್ಲ, “ಊತ ಬಂದ್ರೆ ಮನೆ ಮದ್ದು ಮಾಡ್ಬೇಡಿ, ಸ್ಕ್ಯಾನ್ ಮಾಡಿಸ್ರಿ” ಎಂದು ಪಾಠ ಹೇಳತೊಡಗಿದಳು!

ಓದಿನಲ್ಲಿ ಒಂದು ವರ್ಷ ಹಿಂದೆ ಬಿದ್ದೆ. ಮಾಸ್ಕ್ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಮೆಟ್ರೋದಲ್ಲಿ ಹೋಗಿ ಸಂಪಿಗೆ ರಸ್ತೆಯಲ್ಲಿ ಇಳಿದು ಮತ್ತೆ ಕಾಲೇಜಿಗೆ ನಡೆದೆ. ಗುಳಿಗೆ, ರಕ್ತಪರೀಕ್ಷೆ, ಸ್ಕ್ಯಾನ್, ಯಾವುದನ್ನೂ ತಪ್ಪಿಸಲಿಲ್ಲ. ಇವತ್ತಿಗೂ ಸ್ಕ್ಯಾನ್‌ಗೆ ಮಲಗಿದಾಗ ಎದೆ ಹೊಡೆದುಕೊಳ್ಳುತ್ತದೆ. ಆದರೆ ತೊಂದರೆ ಇದ್ದರೆ ಇವತ್ತೇ ಕಾಣಲಿ, ನಾಳೆಯಲ್ಲ ಎಂಬುದು ನಾನು ಕಲಿತ ಪಾಠ.

ಪದವಿ ಪ್ರದಾನದ ದಿನ ವೇದಿಕೆಯಿಂದ ಇಳಿದು ಸರ್ಟಿಫಿಕೇಟನ್ನು ಅಮ್ಮನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಪಕ್ಕದ ಕುರ್ಚಿಯಲ್ಲಿದ್ದ ಅಪರಿಚಿತ ಹೆಂಗಸಿನ ಕಡೆ ತಿರುಗಿ ಹೇಳಿದಳು:

“ನಾನು ಏಳನೇ ಕ್ಲಾಸು ಕಣ್ರೀ. ನನ್ನ ಕಿಡ್ನಿ ಮಾತ್ರ ಬಿ.ಕಾಂ.”