ತೇಗದ ಗೆರೆ ಎಳೆಯುವ ಬೀರಲಿಂಗಯ್ಯ

ರೇಷ್ಮೆಗೆ ಚಿನ್ನದ ಬೆಲೆ ಬಂದ ಕಾಲ. ನಮ್ಮ ಕಡೆ ಮನೆಮನೆಯಲ್ಲೂ ಹುಳ. ಆಗ ಯಾರೂ ಹೊಸ್ತಿಲು ತುಳಿಯಗೊಡದ ಒಬ್ಬನೇ ಮನುಷ್ಯ ಪೇಂಟರ್ ಬೀರಲಿಂಗಯ್ಯ. ಕಳ್ಳನೇ, ಕುಡುಕನೇ? ಅಯ್ಯೋ ರಾಮ, ಏನೂ ಅಲ್ಲ! ಮೈಯಲ್ಲಿ ಟರ್ಪೆಂಟೈನ್ ವಾಸನೆ, ಅಷ್ಟೇ. ಆ ವಾಸನೆ ಬಡಿದರೆ ಹುಳ ಸೊಪ್ಪು ಬಿಟ್ಟು ಸಾಯುತ್ತದೆ ಎಂಬ ಭಯ ಎಲ್ಲರಿಗೂ. ಹೆಂಡತಿ ತೀರಿಕೊಂಡಿದ್ದಳು. ಇದ್ದೊಬ್ಬ ಮಗಳು ಕೃಷ್ಣಮ್ಮ ಸೊಸೆಯಾಗಿ ಸೇರಿದ್ದೂ ಹುಳದ ಮನೆಯನ್ನೇ. ಮೊಮ್ಮಗನಿಗೆ ಎಂಟು ತಿಂಗಳು. ಇವನು ಬೀದಿಯಲ್ಲಿ ನಿಂತು ನೋಡಿದ್ದೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ನಾನು ಕಣ್ವ ಜಲಾಶಯದಲ್ಲಿ ವಾಚ್‌ಮನ್ ಆಗಿದ್ದೆ. ಅಲ್ಲಿನ ದೋಣಿಯ ಹಿಂಬದಿಗೆ, ಈಜಲು ಇಳಿಯುವವರು ನಿಲ್ಲಲೆಂದು ಒಂದು ಫೈಬರ್ ಹಲಗೆ ಇತ್ತು. ಬಿಸಿಲಿಗೆ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಅದನ್ನು ತೇಗದ ಮರದಂತೆ ಮಾಡಿಸು ಎಂದು ಸಾಹೇಬರ ಹುಕುಂ. ಬೀರಲಿಂಗಯ್ಯ ಬಂದು ಹಲಗೆ ಉಜ್ಜಿ, ಹಳದಿ ಬಳಿದು, ಮೇಲೆ ಕಂದು ಬಣ್ಣ ಹಚ್ಚಿ, ಅದು ಹಸಿಯಿದ್ದಾಗಲೇ ಬಾಚಣಿಗೆಯಂತೆ ಹಲ್ಲು ಕತ್ತರಿಸಿದ ಸೈಕಲ್ ಟ್ಯೂಬಿನ ತುಂಡಿನಿಂದ ಎಳೆದ. ಗೆರೆ, ಗಂಟು ಎಲ್ಲ ಎದ್ದು ಬಂದವು. ನಾನೇ ಮೋಸಹೋಗಿ ತಟ್ಟಿ ನೋಡಿದೆ.

ಎರಡು ಕೋಟ್ ವಾರ್ನಿಷ್ ಆಗಿತ್ತು. ಅಷ್ಟರಲ್ಲಿ ಮಗಳಿಂದ ಸುದ್ದಿ: ಮಂಗಳವಾರಕ್ಕೆ ಗೂಡು ಮಾರ್ಕೆಟ್ ಸೇರಿ ಮನೆಯಲ್ಲಿ ಹುಳ ಇರುವುದಿಲ್ಲ, ಸಂಜೆ ಹೊಸ ಮರಿಹುಳ ಬರುತ್ತದೆ, ಬರುವುದಾದರೆ ಬೆಳಿಗ್ಗೆಯೇ ಬಾ. ಬ್ರಷ್ ಕೆಳಗಿಟ್ಟೇಬಿಟ್ಟ.

"ಲೋ ಬೀರಾ, ಕೊನೇ ಕೋಟ್ ಹೊಡೀದೆ ಒಂಟೋದ್ರೆ ಸಾಯೇಬ್ರು ನನ್ ಚರ್ಮ ಸುಲೀತಾರೆ ಕಣ್ಲಾ!"

"ಬೈಸ್ಕಳಣ್ಣ. ಮಂಗ್ಳಾರದ ಗಂಟ ನಾನ್ ಬಣ್ಣ ಮುಟ್ಟಾಕಿಲ್ಲ."

ಮೂರು ದಿನ, ದಿನಕ್ಕೆರಡು ಸಲ ಸೀಗೆಪುಡಿ ತಿಕ್ಕಿ ತಿಕ್ಕಿ ಮಿಂದ. ಮಂಗಳವಾರ ಹೊಸ ಪಂಚೆಯುಟ್ಟು ಬಂದು ಎರಡೂ ಕೈ ನನ್ನ ಮೂಗಿಗೆ ಹಿಡಿದ. "ಮೂಸಿ ನೋಡಣ್ಣ, ವಾಸ್ನೆ ಐತಾ?"

ಇತ್ತು. ಉಗುರಿನ ಸಂದಿಯಲ್ಲೇ ಇತ್ತು. ಆದರೂ ಆ ಮುಖ ನೋಡಿ, "ಏನೂ ಇಲ್ಲ, ನಡಿಯಲಾ" ಎಂದೆ.

ಮಧ್ಯಾಹ್ನಕ್ಕೇ ವಾಪಸು ಬಂದ.

"ಎತ್ಕಂಡೆ ಕಣಣ್ಣ! ಗುಂಡುಕಲ್ಲಂಗವ್ನೆ. ನನ್ ಮೀಸೆ ಇಡ್ಕಂಡು ನಗ್ತಿದ್ದ."

"ಮತ್ತೆ ಯಾಕ್ಲಾ ಇಷ್ಟು ಬಿರ್ರನೆ ಬಂದ್ಬುಟ್ಟೆ?"



"ಕೃಷ್ಣಿ ಮಗೀನ ಮೂಸಿ ನೋಡುದ್ಲು. ನನ್ ವಾಸ್ನೆ ಅಂಟ್ಕಂಡಿತ್ತು. ಬಚ್ಚಲಿಗೆ ಎತ್ಕಂಡೋಗಿ ತಣ್ಣೀರು ಸುರುದ್ಲು. ಸಂಜೆ ಮರಿ ಬತ್ತವಲ್ಲ, ಅವಳಾದ್ರೂ ಏನ್ ಮಾಡ್ತಾಳೆ? ಮಗ ಚಳೀಗೆ ಕಿರುಚ್ಕಂತು."

ಸುಳ್ಳು ಹೇಳಿದ್ದು ನಾನು. ತಡೆಯಲಾಗದೆ ರೇಗಿದೆ: "ಮುಂದಿನ್ ಗೂಡು ಮಾರಿದ್ ಮ್ಯಾಲೆ ಓಗುವಂತೆ ಬುಡ್ಲಾ!"

"ಇಲ್ಲಣ್ಣ," ಎಂದ. "ನಾನ್ ಮುಟ್ದಾಗೆಲ್ಲ ಆ ಕೂಸಿಗೆ ತಣ್ಣೀರು. ಇನ್ನ ನಾನ್ ಓಗಾಕಿಲ್ಲ."