ಮೇಷ್ಟ್ರು ಹಂಚಿದ ಸೀಡಿ

ಕಳಸದ ಅನಂತಯ್ಯ ಮೇಷ್ಟ್ರ ಮನೆಗೆ ಹೋದವರು ಕಾಫಿ ಕುಡಿಯದೆ ಬಂದದ್ದುಂಟು, ಲಿನಕ್ಸ್ ಸೀಡಿ ಇಲ್ಲದೆ ಬಂದದ್ದಿಲ್ಲ. ನಿವೃತ್ತರಾದ ಮೇಲೆ ಕೊಂಡ ಕಂಪ್ಯೂಟರಿಗೆ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ, ಕಂಪ್ಯೂಟರು ನಡೆಸುವ ಈ ಲಿನಕ್ಸ್ ತಂತ್ರಾಂಶವನ್ನು ಹಾಕಿಕೊಂಡಂದಿನಿಂದ ಅವರಿಗೆ ಅದರದೇ ಧ್ಯಾನ. ಕರೆಂಟು ಹೋಗಿ ಬಂದಾಗಲೆಲ್ಲ ಪರದೆಯ ಮೇಲೆ ಸಾಲುಸಾಲು ಅಕ್ಷರ ಉರುಳುತ್ತದೆ. "ತನ್ನನ್ನು ತಾನೇ ಪರೀಕ್ಷೆ ಮಾಡ್ಕೊಳ್ತಾ ಇದೆ, ಕೂತ್ಕೊಳ್ಳಿ" ಎಂದು ಮೇಷ್ಟ್ರು ಉತ್ತರಪತ್ರಿಕೆ ತಿದ್ದುವವರ ಗಾಂಭೀರ್ಯದಿಂದ ನೋಡುತ್ತಾರೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಕರೆಂಟು ಮತ್ತೆ ಹೋಗುತ್ತದೆ. ಅವರಿಗೆ ಬೇಸರವಿಲ್ಲ; ತಮ್ಮ ದುಂಡಕ್ಷರದಲ್ಲಿ ಲಿನಕ್ಸ್ ಎಂದು ಬರೆದ ಸೀಡಿಯೊಂದನ್ನು ಬಂದವರ ಕೈಗಿಟ್ಟು, "ಕಾಪಿ ಮಾಡಿ ಹಂಚು ಮಾರಾಯ, ಕಳ್ಳತನ ಅಲ್ಲ. ಯಾವುದಕ್ಕೆ ಬೇಕಾದ್ರೂ ಬಳಸ್ಬಹುದು, ಕೇಳೋರಿಲ್ಲ" ಎನ್ನುತ್ತಾರೆ. ಕಂಪ್ಯೂಟರೇ ಇಲ್ಲದ ರೈತ ದೇವೇಂದ್ರನಿಗೂ ಮೂರು ಕೊಟ್ಟಿದ್ದರು. ಮೊನ್ನೆ ಮೇಷ್ಟ್ರು ಅವನ ಗದ್ದೆಯ ಬದುವಿನ ಮೇಲೆ ಹೋಗುವಾಗ ನೋಡಿದರೆ, ಗಿಳಿ ಹೆದರಿಸಲೆಂದು ಮೂರನ್ನೂ ಕೋಲಿಗೆ ಕಟ್ಟಿದ್ದ. ಅಲ್ಲೇ ಇದ್ದ ದೇವೇಂದ್ರ ತಲೆ ತುರಿಸಿಕೊಂಡ. ಮೇಷ್ಟ್ರು, "ಗಿಳಿ ಬರೋದು ಕಮ್ಮಿ ಆಯ್ತಾ?" ಎಂದು ಕೇಳಿದರು. "ಆಯ್ತು ಮೇಷ್ಟ್ರೇ" ಎಂದ. ಒಂದರ ಕಟ್ಟು ಸಡಿಲಾಗಿ, ಅವರ ದುಂಡಕ್ಷರ ಗದ್ದೆಯ ಕಡೆ ತಿರುಗಿತ್ತು. ಮೇಷ್ಟ್ರು ಅದನ್ನು ಬಿಚ್ಚಿ, ಹೊಳೆಯುವ ಬದಿ ಗಿಳಿಗಳಿಗೆ ಕಾಣುವಂತೆ ಬಿಗಿಯಾಗಿ ಕಟ್ಟಿದರು.