ಹುಳು ಹಣ್ಣಾದ ದಿನ

ಅಂದು ಅಪ್ಪ ನನಗೆ ನಿಜ ಹೇಳಿದ್ದರೋ, ಆಮೇಲೆ ತಿಳಿದದ್ದನ್ನು ನಾನೇ ಹಿಂದಕ್ಕೆ ಸೇರಿಸಿಕೊಂಡೆನೋ, ಈಗ ಗೊತ್ತಾಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ದಿನಗಳು. ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು ಎಂಬುದರ ಮೇಲೆ ಕಥೆ ನಿಲ್ಲುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಮನೆಯ ಈ ಒಂದು ದಿನ ನನಗೆ ಏನು ಗೊತ್ತಿತ್ತೆಂದೇ ಹೇಳಲಾರೆ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ರಜೆಗೆಂದು ಶಿಡ್ಲಘಟ್ಟದ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ. ರೇಷ್ಮೆಹುಳುಗಳು ಮೇವು ಬಿಟ್ಟು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಅಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಸಾವಿನ ಸೂತಕದವರು ಹುಳುಮನೆಗೆ ಕಾಲಿಡುವಂತಿಲ್ಲ.

"ಓದಿದ ಕೈ ನೋಡು, ಹುಳ ಮುಟ್ಟೋಕೆ ನಡುಗ್ತದೆ," ಎಂದು ಅಮ್ಮ ನನ್ನನ್ನು ಆಡಿಕೊಳ್ಳುತ್ತಿದ್ದಾಗ, ಪಕ್ಕದ ಮನೆಗೆ ಫೋನು ಬಂತೆಂದು ಹೋಗಿದ್ದ ಅಪ್ಪ ವಾಪಸು ಬಂದು ಬಾಗಿಲಲ್ಲೇ ನಿಂತು ಅವಳಿಗೆ ಹೇಳಿದರು.

"ನಿಮ್ಮಮ್ಮನಿಗೆ ಹುಷಾರಿಲ್ವಂತೆ. ಚಂದ್ರಿಕೆ ತುಂಬಲಿ, ಬೆಳಗ್ಗೆ ಹೋಗಣ."

"ಏನಾಗೈತಂತೆ?"

"ವಯಸ್ಸಾಗಿಲ್ವೇನೇ."

"ಮೂಸಂಬಿ ತಗೊಂಡು ಹೋಗಣ. ಹಲ್ಲಿಲ್ಲ, ರಸ ಹಿಂಡಿ ಕೊಡ್ತೀನಿ," ಎಂದು ಅಮ್ಮ ಮತ್ತೆ ಹುಳುವಿನ ತಟ್ಟೆಗೆ ಬಾಗಿದಳು. ಅಪ್ಪ ನನ್ನ ಕಡೆ ನೋಡಿದರು. ನೋಡಿದರೆಂದು ನೆನಪು.

ಮರುದಿನ ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ, ಅಂಬಾಜಿದುರ್ಗದ ಬಳಿಯ ಅಜ್ಜಿಯ ಊರು ಮುಟ್ಟಿದಾಗ ಹೊಸ ಮಣ್ಣಿನ ಗುಡ್ಡೆಯಷ್ಟೇ ಇತ್ತು. ಅಮ್ಮ ಮೂಸಂಬಿಯ ಚೀಲ ಹಿಡಿದೇ ಅದರ ಪಕ್ಕ ಕೂತಳು. "ಒಂದ್ಸಲ ಮುಖ ನೋಡ್ಕೋತಿದ್ದೆ," ಎಂದಳು.

"ಫೋನು ಬರೋಷ್ಟರಲ್ಲೇ ಮಣ್ಣು ಮಾಡಿದ್ರು ಕಣೇ. ಆಗಲೇ ಹೊರಟಿದ್ರೂ ಸಿಗ್ತಿರಲಿಲ್ಲ," ಎಂದರು ಅಪ್ಪ. ಅಮ್ಮನ ಅಣ್ಣ, ನನ್ನ ಮಾವ, ಅಲ್ಲೇ ಇದ್ದರು. ಅಲ್ಲಗಳೆಯಲಿಲ್ಲ.

ಅಮ್ಮ ಉಳಿದ ವರ್ಷಗಳನ್ನು ಆ ಒಂದು ಮಾತಿನ ಆಸರೆಯಲ್ಲಿ ಕಳೆದಳು. ಯಾರು ಕೇಳಿದರೂ ಅದನ್ನೇ ಹೇಳುವಳು, ಒಂದು ಪದವೂ ಬದಲಾಗದಂತೆ. ನನಗೆ ಮಾತ್ರ ಹೊತ್ತಿನ ಲೆಕ್ಕ ಕೂಡಿಬರುತ್ತಿರಲಿಲ್ಲ. ಫೋನು ಬಂದಾಗ ನಾವಿನ್ನೂ ಬೆಳಗಿನ ಊಟಕ್ಕೆ ಕೂತಿರಲಿಲ್ಲ. ಇದ್ದೊಬ್ಬ ಮಗಳು ಬಾರದೆ ಯಾರು ಅಷ್ಟು ಬೇಗ ಮಣ್ಣು ಮಾಡುತ್ತಾರೆ? ಬೇರೆಯವರ ಕಥೆಯಾಗಿದ್ದರೆ ಘಟನೆಗಳ ಜೋಡಣೆ ಸಡಿಲವೆಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಅಮ್ಮ ಇರುವವರೆಗೂ ಕೇಳುವ ಧೈರ್ಯವಾಗಲಿಲ್ಲ.

ಅವಳು ಹೋದ ಮೇಲೆ ಮಾವನನ್ನು ಕೇಳಿದೆ.

"ಹೊತ್ತು ಮುಳುಗೋವರೆಗೂ ಇಟ್ಕೊಂಡಿದ್ವಪ್ಪ," ಎಂದರು.

ಆ ಊರಿನ ಇನ್ನಿಬ್ಬರು ಹಿರಿಯರನ್ನೂ ಬೇರೆಬೇರೆಯಾಗಿ ವಿಚಾರಿಸಿದೆ. ಇಬ್ಬರೂ ಅದನ್ನೇ ಹೇಳಿದರು. ಚಿಂತಾಮಣಿ ಕಡೆಯ ಬಸ್ಸು ಬಂದಾಗಲೆಲ್ಲ ಯಾರಾದರೊಬ್ಬರು ರಸ್ತೆಯವರೆಗೆ ಹೋಗಿ ನೋಡಿ ಬರುತ್ತಿದ್ದರಂತೆ.